ಶುಗರ್ ಇರುವ ಅಮ್ಮನಿಗೆ ರಾತ್ರಿ ಬಾಯಿ ಒಣಗುತ್ತೆ, ಕಲ್ಲುಸಕ್ಕರೆ ಇಟ್ಟುಕೊಳ್ಳಬಹುದಾ?

ಪ್ರಶ್ನೆ: ಅಮ್ಮನಿಗೆ 64 ವರ್ಷ. ಶುಗರ್ ಬಂದು 12 ವರ್ಷ ಆಯ್ತು. ರಾತ್ರಿ ಮೂರ್ನಾಲ್ಕು ಸಲ ಬಾಯಿ ಒಣಗಿ ಎಚ್ಚರವಾಗುತ್ತೆ, ನಾಲಿಗೆ ಅಂಟಿಕೊಳ್ಳುತ್ತೆ ಅಂತಾರೆ. ಒಂದು ಚೂರು ಕಲ್ಲುಸಕ್ಕರೆ ಬಾಯಲ್ಲಿಟ್ಟು ಮಲಗಿ ಅಂತ ಪಕ್ಕದ ಮನೆಯವರು ಹೇಳಿದ್ದಾರೆ. ಇಡಬಹುದಾ? (ಸಕಲೇಶಪುರ ಕಡೆಯ ಓದುಗರು)

ಬೇಡ. ಇವತ್ತು ರಾತ್ರಿಯಿಂದಲೇ ಬೇಡ. ಪೆಪ್ಪರ್‌ಮಿಂಟೂ ಬೇಡ, ಬೆಲ್ಲದ ಚೂರೂ ಬೇಡ.

ಹಾಸನದಲ್ಲಿ ಹಲ್ಲಿನ ಕ್ಲಿನಿಕ್ ಇಟ್ಟುಕೊಂಡಿರುವ ನನಗೆ ಈ ಕಲ್ಲುಸಕ್ಕರೆಯ ಗುರುತು ಚೆನ್ನಾಗಿ ಗೊತ್ತು. ವಸಡಿನ ಅಂಚಿಗೇ ಸಾಲಾಗಿ ಹುಳುಕು ಹಿಡಿದಿರುತ್ತದೆ. ನಮ್ಮ ಬಾಯಲ್ಲಿ ದಿನಕ್ಕೆ ಅರ್ಧದಿಂದ ಒಂದೂವರೆ ಲೀಟರ್ ಜೊಲ್ಲು ಬರುತ್ತದೆ. ಹಲ್ಲು ತೊಳೆಯುವುದು, ಹುಳಿ ತಗ್ಗಿಸುವುದು ಎಲ್ಲ ಅದರದೇ ಕೆಲಸ. ನಿದ್ದೆಯಲ್ಲಿ ಎಲ್ಲರಿಗೂ ಜೊಲ್ಲು ಕಮ್ಮಿ, ನಿಮ್ಮ ಅಮ್ಮನಿಗೆ ಇನ್ನೂ ಕಮ್ಮಿ, ಅದರ ಮೇಲೆ ಸಕ್ಕರೆ ಇಟ್ಟು ಮಲಗಿದರೆ ತೊಳೆಯುವವರು ಯಾರು? ಶುಗರ್ ಏರುವುದು ಬೇರೆ.

ಈಗ ಒಣಗುವುದು ಯಾಕೆ ಅಂತ ನೋಡೋಣ. ರಾತ್ರಿ ಎದ್ದಾಗ ಅಮ್ಮ ಬಚ್ಚಲಿಗೂ ಹೋಗಿಬರುತ್ತಾರಾ, ಕೇಳಿ. ರಕ್ತದಲ್ಲಿ ಸಕ್ಕರೆ ಸುಮಾರು 180 ದಾಟಿದರೆ ಕಿಡ್ನಿ ಅದನ್ನು ಮೂತ್ರಕ್ಕೆ ಬಿಡುತ್ತದೆ, ಜೊತೆಗೆ ನೀರನ್ನೂ ಎಳೆದುಕೊಂಡು ಹೋಗುತ್ತದೆ. ಮೈಯಲ್ಲೇ ನೀರಿಲ್ಲದಿದ್ದರೆ ಜೊಲ್ಲು ಎಲ್ಲಿಂದ ಬರಬೇಕು? ಹಾಗಿದ್ದರೆ ಖಾಲಿ ಹೊಟ್ಟೆಯಲ್ಲಿ ಒಮ್ಮೆ, ಊಟ ಆಗಿ ಎರಡು ಗಂಟೆಗೆ ಒಮ್ಮೆ ಶುಗರ್ ನೋಡಿ. ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ರಕ್ತಪರೀಕ್ಷೆ) ಮಾಡಿಸಿ ಮೂರು ತಿಂಗಳು ಆಗಿದ್ದರೆ ಅದನ್ನೂ ಮಾಡಿಸಿ. 300 ದಾಟಿ ಇಳಿಯದೇ ಇದ್ದು, ವಾಂತಿ, ಜೋರು ಉಸಿರಾಟ, ಮಂಪರು ಏನಾದರೂ ಕಂಡರೆ ಬೆಳಗಾಗಲಿ ಅಂತ ಕಾಯಬೇಡಿ, ಆಸ್ಪತ್ರೆಗೆ ಹೊರಡಿ.

ಶುಗರ್ ಸರಿಯಾಗಿದ್ದೂ ಬಾಯಿ ಒಣಗುತ್ತಿದೆಯಾ? ಆಗ ನಾನು ಮೊದಲು ಕೇಳುವುದು ಮಾತ್ರೆ ಚೀಲ. ಕಾಲುರಿಗೆ ಅಂತ ರಾತ್ರಿ ಕೊಡುವ ಅಮಿಟ್ರಿಪ್ಟಿಲಿನ್ ಬಾಯಿ ಒಣಗಿಸುವುದರಲ್ಲಿ ಹೆಸರುವಾಸಿ. ಬಿಪಿಗೆ ಕೊಡುವ, ಮೂತ್ರ ಹೆಚ್ಚಿಸುವ ನೀರಿನ ಮಾತ್ರೆ, ಮೂತ್ರದಲ್ಲಿ ಸಕ್ಕರೆ ಹೊರಹಾಕುವ ಡಪಾಗ್ಲಿಫ್ಲೋಜಿನ್ ಥರದವೂ ಮೈ ನೀರು ತಗ್ಗಿಸುತ್ತವೆ. ಇನ್ನು ನಮ್ಮ ಮಲೆನಾಡಿನ ಮಳೆಗಾಲ ಗೊತ್ತಲ್ವಾ, ಜೂನ್ ಬಂತು ಅಂದರೆ ಶೀತ, ಸೀನು, ಮೆಡಿಕಲ್ ಶಾಪಿನಿಂದ ಯಾರನ್ನೂ ಕೇಳದೆ ತಂದ ಸೆಟ್ರಿಜಿನ್. ಅದೂ ಒಣಗಿಸುತ್ತದೆ, ಮೂಗು ಕಟ್ಟಿ ಬಾಯಲ್ಲಿ ಉಸಿರಾಡಿದರೂ ಒಣಗುತ್ತದೆ. ಆದರೆ ಡಾಕ್ಟರು ಬರೆದ ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ. ಚೀಲ ಸಮೇತ ತಗೊಂಡು ಹೋಗಿ ತೋರಿಸಿ, ಬದಲಿಸಬಹುದಾ, ಡೋಸ್ ಇಳಿಸಬಹುದಾ ಅಂತ ಕೇಳಿ. ಹಳೇ ಶುಗರ್‌ನಲ್ಲಿ ಜೊಲ್ಲು ಗ್ರಂಥಿಯ ನರವೇ ಸೋತಿರುವುದೂ ಉಂಟು.

ಕಲ್ಲುಸಕ್ಕರೆಯ ಬದಲು ಹಾಸಿಗೆ ಪಕ್ಕ ನೀರಿಡಿ. ಗಟಗಟ ಒಂದು ಚೊಂಬು ಕುಡಿದರೆ ಮತ್ತೆ ಬಚ್ಚಲಿಗೆ ಏಳಬೇಕು, ಗುಟುಕು ಗುಟುಕು ಸಾಕು. ಕಿಡ್ನಿ ಅಥವಾ ಹಾರ್ಟ್ ತೊಂದರೆಗೆ ನೀರು ಅಳೆದು ಕುಡಿಯಲು ಹೇಳಿದ್ದರೆ ಆ ಲೆಕ್ಕ ಮೀರಬೇಡಿ. ಲಿಂಬೆಹಣ್ಣು ಚೀಪಬೇಡಿ, ಜೊಲ್ಲು ಬರುತ್ತದೆ ನಿಜ, ಹುಳಿ ಹಲ್ಲು ಸವೆಸುತ್ತದೆ. ಹಗಲು ಸಕ್ಕರೆ ಇಲ್ಲದ, ಕ್ಸೈಲಿಟಾಲ್ ಇರುವ ಚ್ಯೂಯಿಂಗ್ ಗಮ್ ಅಗಿಯಬಹುದು (ಮನೆಯಲ್ಲಿ ನಾಯಿ ಇದ್ದರೆ ಎತ್ತಿಡಿ, ಅದಕ್ಕೆ ವಿಷ). ರಾತ್ರಿಗೆ ಒಣಬಾಯಿಗೆ ಅಂತಲೇ ಜೆಲ್ ಸಿಗುತ್ತದೆ. ಅಕ್ಕಿರೊಟ್ಟಿ ಗಂಟಲಲ್ಲಿ ಇಳಿಯದಿದ್ದರೆ ಸಾರಲ್ಲೋ ಮಜ್ಜಿಗೆಯಲ್ಲೋ ನೆನೆಸಿ ತಿನ್ನಲಿ.

ಕಾಫಿ ಬಿಡಿ ಅಂತ ಸಕಲೇಶಪುರದವರಿಗೆ ಹೇಳುವ ಧೈರ್ಯ ನನಗಿಲ್ಲ. ಸಂಜೆ ಮೇಲಿನ ಲೋಟ ಬಿಟ್ಟರೆ ಸಾಕು, ಬೆಲ್ಲ ಹಾಕದಿದ್ದರೆ ಸರಿ. ಎಲೆಅಡಿಕೆ ವಿಷಯದಲ್ಲಿ ಮಾತ್ರ ರಾಜಿ ಇಲ್ಲ. ಜೊಲ್ಲು ಊರುತ್ತೆ ಅಂತ ಹಾಕಿಕೊಳ್ಳುತ್ತಾರೆ, ಆದರೆ ಹೊಗೆಸೊಪ್ಪು ಇಲ್ಲದ ಬರೀ ಅಡಿಕೆಯೂ ಬಾಯಿ ಕ್ಯಾನ್ಸರ್‌ಗೆ ಕಾರಣ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2004ರಲ್ಲೇ ಹೇಳಿದೆ. ತೋಟದವರಿಗೆ ಬೇಜಾರಾಗಬಹುದು.

ಹಲ್ಲಿಗೆ ಫ್ಲೋರೈಡ್ ಪೇಸ್ಟ್, ದಿನಕ್ಕೆ ಎರಡು ಸಲ, ಮಲಗುವ ಮುಂಚಿನದು ತಪ್ಪಿಸಬೇಡಿ. ಆಲ್ಕೋಹಾಲ್ ಇರುವ ಮೌತ್‌ವಾಷ್ ಇನ್ನಷ್ಟು ಒಣಗಿಸುತ್ತದೆ. ಹಲ್ಲಿನ ಸೆಟ್ ಇದ್ದರೆ ರಾತ್ರಿ ತೆಗೆದು ನೀರಲ್ಲಿಡಿ.

ನಾಳೆ ಬೆಳಿಗ್ಗೆ ಅಮ್ಮನನ್ನು ಬೆಳಕಿಗೆ ಕೂರಿಸಿ ಮೊಬೈಲ್ ಟಾರ್ಚ್‌ನಲ್ಲಿ ಬಾಯೊಳಗೆ ನೋಡಿ. ನಾಲಿಗೆ, ಕೆನ್ನೆಯ ಒಳಗೆ ಮೊಸರು ಮೆತ್ತಿದಂತೆ ಬಿಳಿ ಪದರ ಇದ್ದು, ಒರೆಸಿದರೆ ಕೆಳಗೆ ಕೆಂಪಗೆ ಕಂಡರೆ ಅದು ಫಂಗಸ್ ಇರಬಹುದು, ಔಷಧಿ ಬೇಕು. ವಸಡಿನಲ್ಲಿ ರಕ್ತ ಬರುತ್ತಿದ್ದರೂ ಬನ್ನಿ. ಏನೂ ಕಾಣದಿದ್ದರೂ ಆರು ತಿಂಗಳಿಗೊಮ್ಮೆ ಹಲ್ಲು ತೋರಿಸಿ, ಬರುವಾಗ ಆ ಮಾತ್ರೆ ಚೀಲ ಮರೆಯಬೇಡಿ.