ಬೆಟ್ಟದ ತಪ್ಪಲಿನ ಮನೆಗೆ ಕಾಳ್ಗಿಚ್ಚು ತಾಗದಂಥ ಕೈತೋಟ

ತುಮಕೂರಿನ ದೇವರಾಯನದುರ್ಗದಂಥ ಕುರುಚಲು ಕಾಡಿನಲ್ಲಿ ಮಳೆಗಾಲಕ್ಕೆ ಹುಲುಸಾಗಿ ಬೆಳೆದ ಹುಲ್ಲು ಸಂಕ್ರಾಂತಿ ಕಳೆಯುವಷ್ಟರಲ್ಲಿ ಒಣಗಿ ನಿಲ್ಲುತ್ತದೆ. ಅಲ್ಲಿಂದ ಮೊದಲ ಮಳೆಯವರೆಗೂ ಬೆಂಕಿಯ ಕಾಲ. ಕಾಡಿನೊಳಗೆ ಬೆಂಕಿ ರೇಖೆ (ಬೆಂಕಿ ದಾಟದಂತೆ ಹುಲ್ಲು ಸವರಿದ ಪಟ್ಟಿ) ತೆಗೆಯಲು ಅರಣ್ಯ ಇಲಾಖೆ ಇದೆ. ತಪ್ಪಲಿನ ತೋಟದ ಮನೆಯ ಅಂಗಳ ಮಾತ್ರ ನಮ್ಮ ಹೊಣೆ.

ಈ ಪಾಠದ ತಿರುಳು ಕಿಡಿ. ಮನೆಗಳಿಗೆ ಬೆಂಕಿ ಹತ್ತುವುದು ಹೆಚ್ಚಾಗಿ ಗಾಳಿಯಲ್ಲಿ ಹಾರಿಬಂದ ಕಿಡಿಗಳಿಂದ, ಇಲ್ಲವೇ ಅವು ಅಂಗಳದಲ್ಲಿ ಹೊತ್ತಿಸಿದ ಸಣ್ಣ ಉರಿಯಿಂದ. ಮನೆ ಉಳಿಯುತ್ತದೆಯೋ ಇಲ್ಲವೋ ಎಂಬುದನ್ನು ಮನೆ ಮತ್ತು ಅದರ ಸುತ್ತಲಿನ 100-200 ಅಡಿ ಜಾಗವೇ ಬಹುಮಟ್ಟಿಗೆ ತೀರ್ಮಾನಿಸುತ್ತದೆ ಎಂದು ಅಮೆರಿಕದ ಅರಣ್ಯ ಸೇವೆಯ ವಿಜ್ಞಾನಿ ಜ್ಯಾಕ್ ಕೊಹೆನ್ ತೋರಿಸಿಕೊಟ್ಟರು. ಅಲ್ಲಿನ ಮಾರ್ಗಸೂಚಿಗಳು ಈ ಜಾಗವನ್ನು ಗೋಡೆಯಿಂದ 5 ಅಡಿ, 30 ಅಡಿ, 100 ಅಡಿ ಎಂದು ಮೂರು ವಲಯಗಳಾಗಿ ಮಾಡುತ್ತವೆ.

ಮೊದಲ 5 ಅಡಿಯಲ್ಲಿ ಉರಿಯುವಂಥದ್ದು ಏನೂ ಇರಬಾರದು. ನಮ್ಮ ಮನೆಗಳಲ್ಲಿ ಇದು ಸುಲಭವಲ್ಲ. ಸೂರಿನ ಕೆಳಗೆ ಸೌದೆ, ಗೋಡೆಗೆ ಒರಗಿಸಿದ ತೆಂಗಿನ ಗರಿ, ಹೆಂಚಿನ ಸಂದಿಯಲ್ಲಿ ಗಾಳಿ ತಂದು ತುರುಕಿದ ತರಗೆಲೆ, ಬಾಗಿಲ ಮುಂದಿನ ಸೋಗೆ ಚಪ್ಪರ ಎಲ್ಲವೂ ಕಿಡಿಗೆ ಹಾಸಿಗೆಯೇ. ಬಯಲುಸೀಮೆಯ ಕೃಷಿಪಾಠ ಗಿಡದ ಬುಡಕ್ಕೆ ಒಣಎಲೆ ಹೊದಿಸಿ ತೇವ ಉಳಿಸಿ ಎನ್ನುತ್ತದೆ. ಅದೇ ಹೊದಿಕೆ ಗೋಡೆಯ ಬುಡದಲ್ಲಿದ್ದರೆ ಅಪಾಯ. ಎರಡನ್ನೂ ಉಳಿಸಿಕೊಳ್ಳಬಹುದು: ದೂರದ ಮಾವು, ನುಗ್ಗೆಗಳಿಗೆ ಎಲೆಯ ಹೊದಿಕೆ ಇರಲಿ, ಗೋಡೆಯ ಸುತ್ತ ಜಲ್ಲಿ ಅಥವಾ ಕಲ್ಲುಚಪ್ಪಡಿ ಹಾಸಿ. ತುಳಸಿಕಟ್ಟೆಯನ್ನು ಗೋಡೆಯಿಂದ ಆಚೆ ಕಟ್ಟುವ ನಮ್ಮ ರೂಢಿ ಇಲ್ಲಿ ಅನುಕೂಲಕ್ಕೇ ಬರುತ್ತದೆ.

30 ಅಡಿಯೊಳಗೆ ಗಿಡಮರ ಇರಬಹುದು, ಆದರೆ ಒಂದರಿಂದ ಇನ್ನೊಂದಕ್ಕೆ ಬೆಂಕಿ ಏಣಿ ಹತ್ತಬಾರದು. ಲೆಕ್ಕ ಹೀಗೆ: ಮರದ ಕೆಳಗೆ ಪೊದೆ ಇದ್ದರೆ ಪೊದೆಯ ತುದಿಗೂ ಮರದ ಕೆಳಗೊಂಬೆಗೂ ನಡುವೆ ಪೊದೆಯ ಎತ್ತರದ ಮೂರು ಪಟ್ಟು ಅಂತರ. 5 ಅಡಿಯ ದಾಸವಾಳ ಮಾವಿನ ಕೆಳಗಿದ್ದರೆ 15 ಅಡಿ ಅಂತರ ಬೇಕು, ಅಂದರೆ ಕೊಂಬೆ ನೆಲದಿಂದ 20 ಅಡಿ ಮೇಲಿರಬೇಕು. ಕೈಗೆಟುಕುವಂತೆ ಕಾಯಿ ಬಿಡುವ ಮಾವಿನಲ್ಲಿ ಅದು ಆಗದ ಮಾತು. ದಾಸವಾಳವನ್ನೇ ಬೇರೆಡೆ ನೆಡಬೇಕು.

ಪೊದೆಯಿಂದ ಪೊದೆಗೆ ಸಮತಟ್ಟು ನೆಲದಲ್ಲಿ ಎತ್ತರದ ಎರಡು ಪಟ್ಟು ಅಂತರ ಸಾಕು. ಇಳಿಜಾರಿನಲ್ಲಿ ನಾಲ್ಕು, ಕಡಿದಾದ ಕಡೆ ಆರು ಪಟ್ಟು. ಏರುಮುಖದ ಜ್ವಾಲೆ ಮೇಲಿನ ಹುಲ್ಲನ್ನು ಮೊದಲೇ ಕಾಯಿಸಿ ಒಣಗಿಸುವುದೇ ಇದಕ್ಕೆ ಕಾರಣ. ಇಳಿಜಾರು 10 ಡಿಗ್ರಿ ಹೆಚ್ಚಿದಂತೆಲ್ಲ ಬೆಂಕಿಯ ವೇಗ ಸುಮಾರು ಇಮ್ಮಡಿಯಾಗುತ್ತದೆ ಎಂಬುದು ಆಸ್ಟ್ರೇಲಿಯಾದವರ ಅಂದಾಜು. ಆದ್ದರಿಂದ ದಿಬ್ಬದ ಮೇಲಿನ ಮನೆಗಳವರು ಕೆಳಗಿನ ಮಗ್ಗುಲನ್ನು ಹೆಚ್ಚು ದೂರದವರೆಗೆ ಸವರಬೇಕು.

ಬೆಂಕಿ ತಾಗದ ಗಿಡ ಎಂಬುದು ಯಾವುದೂ ಇಲ್ಲ. ಲೋಳೆಸರ, ದೊಡ್ಡಪತ್ರೆ, ಬಾಳೆ ನೀರು ತುಂಬಿಕೊಂಡಿರುವುದರಿಂದ ಬೇಗ ಹೊತ್ತುವುದಿಲ್ಲ, ಆದರೆ ಜೋತುಬಿದ್ದ ಒಣ ಬಾಳೆಎಲೆ ಕಾಗದದಂತೆ ಉರಿಯುತ್ತದೆ. ಬೇಲಿಯ ಕತ್ತಾಳೆಯದೂ ಇದೇ ಕಥೆ; ಬುಡದ ಸತ್ತ ಎಲೆಗಳನ್ನು ಕತ್ತರಿಸುತ್ತಿರಬೇಕು. ಎಣ್ಣೆ ತುಂಬಿದ ಎಲೆ, ಸುಲಿದು ಜೋಲುವ ತೊಗಟೆಯ ನೀಲಗಿರಿ ಮನೆಯ ಹತ್ತಿರ ಬೇಡವೇ ಬೇಡ. ಲಂಟಾನವನ್ನು ಬುಡಸಮೇತ ಕೀಳಿ. ಬೇಲಿಗೆ ನಮ್ಮ ಸೀಮೆಯ ಕಲ್ಲುಚಪ್ಪಡಿಗಿಂತ ಒಳ್ಳೆಯದು ನನಗೆ ಕಾಣದು. ಒಣ ಮುಳ್ಳಿನ ಬೇಲಿ ಬೆಂಕಿಯನ್ನು ಕಾಡಿನ ಅಂಚಿನಿಂದ ಹಟ್ಟಿಯವರೆಗೆ ಕರೆತರುವ ಬತ್ತಿ.

ಕೊನೆಯದಾಗಿ ರಾಗಿಹುಲ್ಲಿನ ಬಣವೆ. ಕಟಾವು ಮುಗಿದು ಬಣವೆ ಏಳುವ ಹೊತ್ತಿಗೇ ಬೆಟ್ಟ ಒಣಗುತ್ತದೆ. ಅದು ಮನೆಯಿಂದ 30 ಅಡಿ ಆಚೆಗಿರಲಿ, ಕೊಟ್ಟಿಗೆಗೂ ಅಂಟದಿರಲಿ. ಸುತ್ತ ನೆಲವನ್ನು ಉತ್ತು ಹಸನಾಗಿ ಬಿಡಿ. ಕಸವನ್ನು ಬೇಸಿಗೆಯಲ್ಲಿ ಸುಡದೆ ಗೊಬ್ಬರದ ಗುಂಡಿಗೆ ಹಾಕಿ. ಹೊಗೆ ಕಂಡರೆ ತಡಮಾಡದೆ 112ಕ್ಕೆ ಕರೆ ಮಾಡಿ.