ಬಂಗಡೆಗೊಂದು ಸ್ಕೇಲು

ಬೆಳಗಾವಿಗೆ ಸಮುದ್ರ ಇಲ್ಲ, ಆದರೆ ಬಂಗಡೆಗೆ ಬರವಿಲ್ಲ. ಕಾರವಾರ, ಗೋವಾ ಕಡೆಯಿಂದ ಐಸಿನಲ್ಲಿ ಮಲಗಿ ಘಟ್ಟ ಹತ್ತಿ ಬರುತ್ತದೆ. ಮೊನ್ನೆ ತಂದ ಬಂಗಡೆಯನ್ನು ತೊಳೆಯುವ ಮುಂಚೆ ಸುಮ್ನೆ ಮಗಳ ಸ್ಕೇಲ್ ಇಟ್ಟು ಅಳೆದೆ. ಮೂತಿಯಿಂದ ಬಾಲದ ತುದಿಗೆ 13 ಸೆಂಟಿಮೀಟರ್. ಕೇರಳದಲ್ಲಾಗಿದ್ದರೆ ಇದನ್ನು ಹಿಡಿಯುವುದೇ ತಪ್ಪು, ಅಲ್ಲಿ ಕನಿಷ್ಠ ಅಳತೆ 14. ಇನ್ನೂ ಮೊಟ್ಟೆಯಿಡುವ ವಯಸ್ಸಾಗದ ಮರಿ ನಮ್ಮನೆ ಬಾಣಲೆಗೆ ಬಂದಿತ್ತು.

ಅರ್ಧ ಕಿಲೋ ಕೊಳ್ಳುವ ನಾನು ತಕರಾರು ತೆಗೆದರೆ ಮೀನಿನ ಅಕ್ಕ ನಕ್ಕುಬಿಡುತ್ತಾರೆ. ಆದರೆ ವಿಶ್ವವಿದ್ಯಾಲಯದ ಹಾಸ್ಟೆಲ್ ಮೆಸ್ಸು ದೊಡ್ಡ ಗಿರಾಕಿ ಅಲ್ವಾ? ‘ಮರಿ ಮೀನು ಬೇಡ, ಯಾವ ಮೀನು, ಯಾವ ಬಂದರು, ಯಾವ ಬೋಟು, ಯಾವ ದಿನ ಹಿಡಿದದ್ದು ಅಂತ ಬಿಲ್ಲಿನಲ್ಲಿ ಬರೆಯಿರಿ’ ಎಂದು ಟೆಂಡರಿನಲ್ಲೇ ಹಾಕಿದರೆ ಯಾರೂ ನಗುವುದಿಲ್ಲ.

ಬಿಲ್ಲಿನಲ್ಲಿ ಮೀನಿನ ಹೆಸರೇ ಸುಳ್ಳಾದರೆ? ಅದಕ್ಕೆ ಲ್ಯಾಬ್ ಇದೆ. ಅಕ್ಕಿ ಕಾಳಿನಷ್ಟು ಮಾಂಸ ಸಾಕು. ಅದರ ಡಿಎನ್‌ಎಯಲ್ಲಿ ಸಿಒಐ ಎಂಬ ಜೀನಿನ ಸುಮಾರು 650 ಅಕ್ಷರಗಳನ್ನು ಓದಿ, ಗೊತ್ತಿರುವ ಮೀನುಗಳ ಪಟ್ಟಿಗೆ ಹೋಲಿಸುತ್ತಾರೆ. 2003ರಲ್ಲಿ ಕೆನಡಾದ ಪಾಲ್ ಹೀಬರ್ಟ್ ತಂಡ ಮುಂದಿಟ್ಟ ಈ ವಿಧಾನಕ್ಕೆ ಡಿಎನ್‌ಎ ಬಾರ್‌ಕೋಡಿಂಗ್ ಎಂದು ಹೆಸರು. ದುಬಾರಿ ಸುರಮಯಿ (ಅಂಜಲ್) ಅಂತ ಮಾರಿದ ತುಂಡು ಬಾಸಾ ಎಂಬ ಅಗ್ಗದ ಸಾಕುಮೀನಾಗಿದ್ದರೆ ಸಿಕ್ಕಿಬೀಳುತ್ತದೆ. ಎಂ.ಎಸ್ಸಿ. ಹುಡುಗರಿಗೆ ಇದಕ್ಕಿಂತ ಒಳ್ಳೆಯ ಪ್ರಾಜೆಕ್ಟ್ ಯಾವುದು?

ಒಂದು ಮಾತು: ಡಿಎನ್‌ಎ ಮೀನಿನ ಜಾತಿ ಹೇಳುತ್ತದೆ, ಹಿಡಿದ ದಿನ ಹೇಳುವುದಿಲ್ಲ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿ ಕಡಲಿಗಿಳಿಯುವಂತಿಲ್ಲ. ಎಲ್‌ಇಡಿ ದೀಪ ಹಾಕಿ ಮೀನು ಸೆಳೆಯುವುದನ್ನು ಕೇಂದ್ರ ಸರ್ಕಾರ 2017ರಲ್ಲೇ ನಿಷೇಧಿಸಿದೆ. ಇವನ್ನು ಮೀರಿ ಹಿಡಿದ ಬಂಗಡೆಯೂ ಲ್ಯಾಬಿನಲ್ಲಿ ಬರೀ ಬಂಗಡೆಯೇ. ಹಾಗಾಗಿ ಬಿಲ್ಲೂ ಬೇಕು, ಲ್ಯಾಬೂ ಬೇಕು.

ಆ ಎರಡು ತಿಂಗಳು ಕೃಷ್ಣೆಯ ಮೀನು ತಿನ್ನೋಣ ಎಂದರೆ ಅಲ್ಲೂ ತೊಡಕಿದೆ. ರೋಹು, ಕಟ್ಲಾ ಮೊಟ್ಟೆಯಿಡುವುದೇ ಮಳೆಗಾಲದ ಹೊಸ ನೀರಿಗೆ. ಹೊಟ್ಟೆ ತುಂಬ ಮೊಟ್ಟೆಯಿರುವ ಮೀನು ಹಿಡಿದರೆ ಮುಂದಿನ ವರ್ಷಕ್ಕೇನು? ಉಳಿದದ್ದು ಕೆರೆ, ಹೊಂಡದಲ್ಲಿ ಸಾಕಿದ್ದು. ಆದರೆ ರೋಹು, ಕಟ್ಲಾ ನಿಂತ ನೀರಿನಲ್ಲಿ ತಾವಾಗಿ ಮರಿ ಮಾಡುವುದಿಲ್ಲ. 1957ರಲ್ಲಿ ಒಡಿಶಾದಲ್ಲಿ ಮೀನು ವಿಜ್ಞಾನಿ ಹೀರಾಲಾಲ್ ಚೌಧುರಿ ಮೀನಿನ ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯ ಸಾರವನ್ನು ಚುಚ್ಚಿ, ಇವುಗಳ ಬಳಗವಾದ ಗೆಂಡೆ ಜಾತಿಯ ಮೀನುಗಳಿಂದ ಮೊಟ್ಟೆ ಇಡಿಸಿದ ಮೇಲೆಯೇ ಸಾಕಣೆಗೆ ದಾರಿಯಾಯಿತು. ವಿಜಯಪುರದ ಭೂತನಾಳದಲ್ಲಿ ಬೀದರ್ ಪಶು ವಿಶ್ವವಿದ್ಯಾಲಯದ ಮೀನು ಸಂಶೋಧನಾ ಕೇಂದ್ರವೇ ಇದೆ. ಮೆಸ್ಸಿನವರು ಅಲ್ಲಿಗೊಮ್ಮೆ ಹೋಗಿ ಬರಬಹುದು.

ಮುಳ್ಳು ಜಾಸ್ತಿ ಅಂತ ಹುಡುಗರು ಗೊಣಗುವುದು ಗ್ಯಾರಂಟಿ. ಕಟ್ಲಾದ ತಲೆಯ ಸಾರು ಉಂಡಿಲ್ಲ, ಪಾಪ.