ಪುಸ್ತಕ ಹುಟ್ಟಿದ್ದು ಸ್ಕ್ಯಾನರ್ ಮೇಲಲ್ಲ

ನಿಮ್ಮ ಕಾಲೇಜಿನ, ಮಠದ ಅಥವಾ ಸಂಘದ ಡಿಜಿಟಲ್ ಸಂಗ್ರಹ ತೆರೆದು, ಇದ್ದ ಪುಸ್ತಕಗಳನ್ನೆಲ್ಲ ಪ್ರಕಟಣೆಯ ವರ್ಷದ ಪ್ರಕಾರ ಜೋಡಿಸಿ ನೋಡಿ, ಹೊಸದು ಮೇಲೆ ಬರುವಂತೆ. ಮೊದಲ ಪರದೆಯಲ್ಲೇ ಕಾಗದ ಹಳದಿಗಟ್ಟಿದ ವಚನ ಸಂಪುಟ, ಆಣೆ ಲೆಕ್ಕದ ಬೆಲೆಯ ಪಂಚಾಂಗ, ಬೈಲಾಟದ ಹಾಡಿನ ಕಿರುಹೊತ್ತಿಗೆ ಸಾಲಾಗಿ ನಿಂತು, ಎಲ್ಲದರ ಮುಂದೆಯೂ ಪ್ರಕಟಣೆ 2019 ಎಂದೋ 2021 ಎಂದೋ ಇದ್ದರೆ ಈ ಅಂಕಣ ನಿಮಗಾಗಿಯೇ.

ಕೇಳಿದರೆ ಬರುವ ಉತ್ತರ ಒಂದೇ: “ತಾರೀಖು ಒಂದೂ ಬಿಟ್ಟಿಲ್ರೀ, ಎಲ್ಲಾದಕ್ಕೂ ಹಾಕೇವಿ.” ಹೌದು, ಹಾಕಿದ್ದಾರೆ. ಸ್ಕ್ಯಾನ್ ಮಾಡಿದ ದಿನದ್ದು. ದಿನಕ್ಕೆ ಇಷ್ಟು ರೆಕಾರ್ಡ್ ಮುಗಿಯಬೇಕು ಎಂಬ ಲೆಕ್ಕಕ್ಕೆ ಕೂತು, ಕಣ್ಣು ಕೆಂಪಾಗುವ ತನಕ ಟೈಪ್ ಮಾಡುವ ಹುಡುಗ ಹುಡುಗಿಯರ ಮೇಲೆ ಸಿಟ್ಟು ಮಾಡಿ ಉಪಯೋಗವಿಲ್ಲ. ಅವರನ್ನು ಕೂರಿಸಿದವರು ಒಂದು ಪ್ರಶ್ನೆಯನ್ನು ಕಲಿಸಿಲ್ಲ: ಯಾವುದರ ತಾರೀಖು?

ಶೀರ್ಷಿಕೆ, ಕರ್ತೃ, ದಿನಾಂಕದಂಥ ವಿವರಗಳಾದ ಮೆಟಾಡೇಟಾ ಎಂದರೇನು, ಅವನ್ನು ಬರೆಯುವ ಮಾನದಂಡವಾದ ಡಬ್ಲಿನ್ ಕೋರ್‌ನ 15 ಅಂಶಗಳು ಯಾವುವು ಎಂಬುದನ್ನು ಗ್ರಂಥಾಲಯ ವಿಜ್ಞಾನ ಓದಿದವರಿಗೆ ಮತ್ತೆ ಹೇಳಬೇಕಿಲ್ಲ. ಪಾಠ ಎಲ್ಲರಿಗೂ ಬಾಯಿಗೆ ಬರುತ್ತದೆ. ಎಡವುವುದು, ಎದುರಿಗೆ ಒಂದು ವಸ್ತುವಲ್ಲ, ಎರಡು ಮೂರು ವಸ್ತುಗಳಿವೆ ಎಂಬುದು ಕಾಣದೆ ಇದ್ದಾಗ.

ಗೋಳಗುಮ್ಮಟದ ಹಳೆಯ ಫೋಟೊ ತೆಗೆದುಕೊಳ್ಳಿ. ಥಾಮಸ್ ಬಿಗ್ಸ್ ಎಂಬ ಸೇನಾಧಿಕಾರಿ ಮುಂಬಯಿ ಸರಕಾರದ ಪರವಾಗಿ 1855ರಲ್ಲಿ ಬಿಜಾಪುರ, ಬಾದಾಮಿ, ಐಹೊಳೆಗಳಲ್ಲಿ ಫೋಟೊ ತೆಗೆದರು. ಬಿಜಾಪುರದ ಚಿತ್ರಗಳನ್ನೊಳಗೊಂಡ ದೊಡ್ಡ ಸಂಪುಟವೊಂದು 1866ರಲ್ಲಿ ಲಂಡನ್ನಿನಲ್ಲಿ ಹೊರಬಂತು. ಅದರ ಒಂದು ಚಿತ್ರ ನಿಮ್ಮಲ್ಲಿದ್ದು, ಹೋದ ವರ್ಷ ಸ್ಕ್ಯಾನ್ ಮಾಡಿದಿರಿ ಎನ್ನೋಣ. ಈಗ ಕೈಯಲ್ಲಿ ನಾಲ್ಕು ಕಾಲಗಳಿವೆ: ಗುಮ್ಮಟ 1656ರದು, ಚಿತ್ರ ತೆಗೆದದ್ದು 1855, ಸಂಪುಟ 1866, ಸ್ಕ್ಯಾನ್ ಹೋದ ವರ್ಷ. ದಿನಾಂಕದ ಫೀಲ್ಡಿನಲ್ಲಿ 1656 ಹಾಕಿದವರೂ ಉಂಟು! ಫೋಟೊಗ್ರಫಿಯೇ ಇಲ್ಲದ ಕಾಲಕ್ಕೆ ಫೋಟೊ ಹೋಗಿ ಕೂರುತ್ತದೆ.

ಗುಮ್ಮಟ ಈ ಚಿತ್ರದ ವಿಷಯ. ಅದರ ಹೆಸರು ವಿಷಯದ ಫೀಲ್ಡಿಗೆ, ಅದರ ಕಾಲ ವ್ಯಾಪ್ತಿಯ ಫೀಲ್ಡಿಗೆ. ರಚನೆಯ ದಿನಾಂಕ 1855, ಪ್ರಕಟಣೆಯ ದಿನಾಂಕ 1866. ಸ್ಕ್ಯಾನ್ ಮಾಡಿದ ದಿನಕ್ಕೆ ಈ ಎರಡರಲ್ಲೂ ಜಾಗವಿಲ್ಲ. ಆ ಸಂಪುಟದ ಎಲ್ಲ ಚಿತ್ರಗಳೂ ಬಿಗ್ಸ್ ಅವರವೂ ಅಲ್ಲ. ಮೇಜರ್ ಲಾಕ್ ಎಂಬವರು ತೆಗೆದವಿವೆ, ಹಾರ್ಟ್ ಮುಂತಾದವರು ಬರೆದ ನಕ್ಷೆಗಳನ್ನು ಫೋಟೊ ಮಾಡಿದವೂ ಇವೆ. ಆದ್ದರಿಂದ ಕರ್ತೃವಿನ ಹೆಸರನ್ನು ಸಂಪುಟದ ಹೊದಿಕೆ ನೋಡಿ ಎಲ್ಲದಕ್ಕೂ ಎಳೆಯಬೇಡಿ, ಚಿತ್ರದಿಂದ ಚಿತ್ರಕ್ಕೆ ನೋಡಿ.

ಶಾಸನಕ್ಕೂ ಇದೇ ಮಾತು. ಐಹೊಳೆಯ ಮೇಗುತಿ ಶಾಸನ ಶಕ 556ರದು, ಅಂದರೆ 634-35. ನಿಮ್ಮಲ್ಲಿರುವುದು ಕಲ್ಲಲ್ಲ, ಅದರ ಪಡಿಯಚ್ಚು. ಕಾಗದ ಒತ್ತಿ ಅಚ್ಚು ತೆಗೆದ ವರ್ಷವೇ ಆ ಹಾಳೆಯ ದಿನಾಂಕ.

ಪುಸ್ತಕಗಳಿಗೆ ಬರೋಣ, ಹೆಚ್ಚು ಕೆಡುವುದು ಅಲ್ಲಿಯೇ. ಡಿಜಿಟಲ್ ಸಂಗ್ರಹ ನಡೆಸುವ ತಂತ್ರಾಂಶವಾದ ಡಿಸ್ಪೇಸ್ ಬಳಸುವವರು ಒಂದು ಸಂಗತಿ ಗಮನದಲ್ಲಿಡಿ: ಸಂಗ್ರಹಕ್ಕೆ ಸೇರಿದ ದಿನ, ಓದುಗರಿಗೆ ತೆರೆದ ದಿನ ಇವೆರಡನ್ನೂ ತಂತ್ರಾಂಶವೇ ತುಂಬಿಕೊಳ್ಳುತ್ತದೆ. ನೀವು ಕೈಯಿಂದ ಬರೆಯಬೇಕಾದದ್ದು ಡೇಟ್ ಇಶ್ಯೂಡ್, ಅಂದರೆ ಮೂಲ ಪುಸ್ತಕ ಪ್ರಕಟವಾದ ವರ್ಷ. ಹಳೆಯ ಆವೃತ್ತಿಗಳಲ್ಲಿ ಸಲ್ಲಿಕೆಯ ಶುರುವಿಗೆ ಒಂದು ಪ್ರಶ್ನೆ ಬರುತ್ತದೆ, ಇದು ಈ ಮೊದಲು ಪ್ರಕಟವಾಗಿದೆಯೇ ಎಂದು. ಅಲ್ಲಿ ಟಿಕ್ ಹಾಕದೆ ಮುಂದೆ ಹೋದರೆ ಪ್ರಕಟಣೆಯ ವರ್ಷ ಕೇಳುವ ಜಾಗವೇ ಕಾಣಿಸುವುದಿಲ್ಲ, ಆ ದಿನದ ತಾರೀಖು ತಾನಾಗಿ ಕೂರುತ್ತದೆ. ಸಾಲುಸಾಲು ಪುಸ್ತಕ ಒಂದೇ ವರ್ಷದಲ್ಲಿ ಹುಟ್ಟುವುದಕ್ಕೆ ಹಲವು ಕಡೆ ಕಾರಣ ಈ ಒಂದು ಟಿಕ್.

ಸ್ಕ್ಯಾನ್ ದಿನಾಂಕ ಬೇಡವೆಂದಲ್ಲ. ಸ್ಕ್ಯಾನ್ ಮಾಡಿದ ಚಿತ್ರದ ಟಿಫ್ ಫೈಲಿನೊಳಗೆ ಅದು ಸಾಮಾನ್ಯವಾಗಿ ಇದ್ದೇ ಇರುತ್ತದೆ, ಸ್ಕ್ಯಾನರಿಗೆ ಜೋಡಿಸಿದ ಕಂಪ್ಯೂಟರಿನ ಗಡಿಯಾರ ಸರಿ ಇದ್ದರೆ. ರೆಕಾರ್ಡಿನಲ್ಲೂ ಕಾಣಬೇಕು ಎನಿಸಿದರೆ ಡಿಸ್ಪೇಸಿನ ಫೀಲ್ಡುಗಳ ಪಟ್ಟಿಯಾದ ಮೆಟಾಡೇಟಾ ರಿಜಿಸ್ಟ್ರಿಯಲ್ಲಿ ‘ಡಿಜಿಟಲೀಕರಣ ದಿನಾಂಕ’ ಎಂದು ಬೇರೆ ಫೀಲ್ಡ್ ಸೇರಿಸಿಕೊಳ್ಳಿ. ಸ್ಕ್ಯಾನ್ ಮಾಡಿಸಿದ ಸಂಸ್ಥೆಯ ಹೆಸರಿಗೂ ಹಾಗೆಯೇ ಬೇರೆ ಜಾಗ ಕೊಡಿ, ಪ್ರಕಾಶಕರ ಫೀಲ್ಡಿಗೆ ತಳ್ಳಬೇಡಿ. ಫ. ಗು. ಹಳಕಟ್ಟಿಯವರು 1925ರಲ್ಲಿ ವಿಜಯಪುರದಲ್ಲಿ ಹಿತಚಿಂತಕ ಮುದ್ರಣಾಲಯ ಶುರು ಮಾಡಿ, ಮರುವರ್ಷ ‘ಶಿವಾನುಭವ’ ಪತ್ರಿಕೆ ಹೊರಡಿಸಿದರು. ಸ್ವಂತ ಗಳಿಕೆಯನ್ನೆಲ್ಲ ವಚನಗಳ ಅಚ್ಚಿಗೆ ಸುರಿದ ಮನುಷ್ಯ. ಆ ಮುದ್ರಣಾಲಯದ ಹೆಸರು ಇರಬೇಕಾದ ಕಡೆ ನಿನ್ನೆ ಸ್ಕ್ಯಾನ್ ಮಾಡಿದವರ ಹೆಸರು ಕಂಡರೆ ಸಂಕಟವಾಗುತ್ತದೆ. ಅವರು ಸಂಪಾದಿಸಿದ ವಚನಗಳಿಗೆ ಕರ್ತೃ ವಚನಕಾರರು, ಹಳಕಟ್ಟಿಯವರು ಸಂಪಾದಕರು. ಸಂಪಾದಕರಿಗೆ ಕಾಂಟ್ರಿಬ್ಯೂಟರ್ ಫೀಲ್ಡ್ ಇದೆ.

ಇನ್ನು ವರ್ಷವನ್ನು ಎಲ್ಲಿಂದ ತೆಗೆಯಬೇಕು? ರಟ್ಟಿನಿಂದಲ್ಲ. ರಟ್ಟು ಕಟ್ಟಿದ್ದು ಎಷ್ಟೋ ವರ್ಷದ ಮೇಲೆ ಇರಬಹುದು. ಮೊದಲು ಶೀರ್ಷಿಕೆ ಪುಟ, ಆಮೇಲೆ ಅದರ ಬೆನ್ನು, ಆಮೇಲೆ ಮುದ್ರಕರ ಹೆಸರಿರುವ ಕೊನೆಯ ಪುಟ. ಮೂರರಲ್ಲೂ ಇಲ್ಲವಾದರೆ ಮುನ್ನುಡಿಯ ಕೆಳಗಿನ ತಾರೀಖು. ಆದರೆ ಮುನ್ನುಡಿ ಹೇಳುವುದು ಇಷ್ಟೇ: ಪುಸ್ತಕ ಇದಕ್ಕಿಂತ ಮೊದಲಿನದಲ್ಲ. ಮೊದಲ ಮುದ್ರಣದ ಮುನ್ನುಡಿಯನ್ನೇ ಮೂರನೆಯ ಮುದ್ರಣದಲ್ಲೂ ಹಾಗೇ ಇಡುವುದು ರೂಢಿ. ಗ್ರಂಥಾಲಯದ ರಬ್ಬರ್ ಸ್ಟಾಂಪಿನ ತಾರೀಖು ಇನ್ನೊಂದು ಕಡೆಯ ಗಡಿ ಹೇಳುತ್ತದೆ: ಪುಸ್ತಕ ಇದಕ್ಕಿಂತ ಈಚಿನದಲ್ಲ. ಮುನ್ನುಡಿ 1931ರದು, ಸ್ಟಾಂಪು 1934ರದು ಎಂದಾದರೆ 1931/1934 ಎಂದು ಓರೆಗೆರೆ ಹಾಕಿ ಬರೆಯಿರಿ. ನಡುವಿನ ಒಂದು ವರ್ಷವನ್ನು ಆರಿಸಿಕೊಳ್ಳುವ ಹಕ್ಕು ನಮಗಿಲ್ಲ.

ಬೆಲೆಯೂ ಸಾಕ್ಷಿ ಹೇಳುತ್ತದೆ. ದಶಮಾಂಶ ನಾಣ್ಯ ಜಾರಿಗೆ ಬಂದದ್ದು 1957ರ ಏಪ್ರಿಲ್ 1ಕ್ಕೆ. ‘ಬೆಲೆ 6 ಆಣೆ’ ಎಂದು ಅಚ್ಚಾಗಿದ್ದರೆ ಬಹುಪಾಲು ಅದಕ್ಕಿಂತ ಹಿಂದಿನದು. ‘ನಯೇ ಪೈಸೆ’ ಎಂದಿದ್ದರೆ 1957ರಿಂದ 1964ರ ಒಳಗಿನದಿರುವ ಸಂಭವ ಹೆಚ್ಚು, 1964ರ ಜೂನಿನಲ್ಲಿ ‘ನಯೇ’ ಬಿಟ್ಟು ಬರೀ ಪೈಸೆ ಆಯಿತು. ಅಚ್ಚುಕೂಟದವರು ರೂಢಿಯ ಬಲದಿಂದ ಹಳೆಯ ಮಾತನ್ನೇ ಸ್ವಲ್ಪ ದಿನ ಮುಂದುವರಿಸಿರಬಹುದು, ಹಾಗಾಗಿ ಬೆಲೆಯೊಂದನ್ನೇ ನಂಬಬೇಡಿ.

ನಮ್ಮ ಭಾಗದ ಹಳೆಯ ಪುಸ್ತಕಗಳಲ್ಲಿ ಶಾಲಿವಾಹನ ಶಕೆ ಸಾಮಾನ್ಯ. ಶಕೆಗೆ 78 ಕೂಡಿಸಿದರೆ ಇಸವಿ ಎಂದು ಎಲ್ಲರಿಗೂ ಗೊತ್ತು. ಯುಗಾದಿಯಿಂದ ಡಿಸೆಂಬರ್ ತನಕ ಅದು ಸರಿ. ಪುಷ್ಯದ ಕೊನೆ, ಮಾಘ, ಫಾಲ್ಗುಣ ಎಂದು ಇದ್ದರೆ ಇಸವಿ ತಿರುಗಿರುತ್ತದೆ, 79 ಕೂಡಿಸಬೇಕು. ಶಕೆ 1845ರ ಶ್ರಾವಣ 1923, ಅದೇ ಶಕೆಯ ಮಾಘ 1924. ತಿಂಗಳಿಲ್ಲದೆ ಬರೀ ಶಕೆ ಇದ್ದರೆ 1923/1924 ಎಂದೇ ಬರೆಯಿರಿ. ತಾಳೆಗರಿ, ಬಹಿಗಳಲ್ಲಿ ಇನ್ನೂ ಕಷ್ಟ, ಅಲ್ಲಿ ಬರೀ ಸಂವತ್ಸರದ ಹೆಸರಿರುತ್ತದೆ. ರುಧಿರೋದ್ಗಾರಿ ಸಂವತ್ಸರ 1863ರಲ್ಲೂ ಬಂದಿದೆ, 1923ರಲ್ಲೂ 1983ರಲ್ಲೂ ಬಂದಿದೆ. ಬೇರೆ ಆಧಾರ ಸಿಗುವ ತನಕ ಇಸವಿ ಬರೆಯದೆ, ಇದ್ದ ಮಾತನ್ನು ಇದ್ದ ಹಾಗೆ ಟಿಪ್ಪಣಿಗೆ ಎತ್ತಿ ಬರೆಯುವುದು ವಾಸಿ. ಲೆಕ್ಕ ಹಾಕಿ ಇಸವಿ ಬರೆದ ಕಡೆಯೂ ಮೂಲದ ಶಕೆಯನ್ನು ವಿವರಣೆಯಲ್ಲಿ ಉಳಿಸಿ. ಮುಂದೆ ಯಾರಾದರೂ ನಿಮ್ಮ ಲೆಕ್ಕ ಪರೀಕ್ಷಿಸಬೇಕಲ್ಲ.

ಊರ ಹೆಸರಿನದು ಸಣ್ಣ ಮಾತು, ಹೇಳಿ ಮುಗಿಸುತ್ತೇನೆ. ಪುಸ್ತಕದಲ್ಲಿ ‘ವಿಜಾಪುರ’, ‘ಬೆಳಗಾಂವ’ ಎಂದಿದ್ದರೆ ಪ್ರಕಾಶನದ ಸ್ಥಳ ಬರೆಯುವಾಗ ಅದನ್ನೇ ಬರೆಯಿರಿ. ಹುಡುಕುವವರಿಗಾಗಿ ಇರುವ ಸ್ಥಳದ ಫೀಲ್ಡಿನಲ್ಲಿ ಎಲ್ಲ ರೆಕಾರ್ಡಿಗೂ ಒಂದೇ ರೂಪ ಇರಲಿ, ವಿಜಯಪುರ, ಬೆಳಗಾವಿ ಎಂದು. 1997ಕ್ಕಿಂತ ಹಿಂದಿನ ಬಾಗಲಕೋಟೆಯ ಪುಸ್ತಕದಲ್ಲಿ ‘ಜಿ. ವಿಜಾಪುರ’ ಎಂದಿದ್ದರೆ ಅದು ಅಚ್ಚಿನ ತಪ್ಪಲ್ಲ, ತಿದ್ದಬೇಡಿ, ಆಗ ಅದು ಅದೇ ಜಿಲ್ಲೆ.

ಈಗ ಎಕ್ಸೆಲ್. ಸರಿಯಾಗಿ ಬರೆದ ತಾರೀಖು ಕೆಡುವುದು ಇಲ್ಲಿ. 1924ರ ಡಿಸೆಂಬರಿನಲ್ಲಿ ಬೆಳಗಾವಿಯಲ್ಲಿ ಗಾಂಧೀಜಿ ಅಧ್ಯಕ್ಷತೆಯ ಕಾಂಗ್ರೆಸ್ ಅಧಿವೇಶನ ನಡೆಯಿತು. ಆ ತಿಂಗಳ ಪತ್ರಗಳ ಕಟ್ಟೊಂದನ್ನು ನಮೂದಿಸುತ್ತಿದ್ದೀರಿ ಎಂದುಕೊಳ್ಳಿ. ಕಂಪ್ಯೂಟರಿನ ಪ್ರಾದೇಶಿಕ ಸೆಟ್ಟಿಂಗ್ ಅಮೆರಿಕದ್ದೇ ಉಳಿದಿದ್ದರೆ, 5-12-1924 ಎಂದು ಹೊಡೆದ ಕೂಡಲೇ ಎಕ್ಸೆಲ್ ಅದನ್ನು ಮೇ 12 ಎಂದು ಓದುತ್ತದೆ. 26-12-1924 ಎಂದು ಹೊಡೆದರೆ 26ನೇ ತಿಂಗಳು ಇಲ್ಲವಾದ್ದರಿಂದ ಹಾಗೇ ಬಿಡುತ್ತದೆ. ಒಂದೇ ಕಾಲಂನಲ್ಲಿ ಅರ್ಧ ಸರಿ, ಅರ್ಧ ತಿರುಗುಮುರುಗು, ಮೇಲಿಂದ ನೋಡಿದರೆ ಗೊತ್ತೇ ಆಗುವುದಿಲ್ಲ. 1900ಕ್ಕಿಂತ ಹಿಂದಿನ ತಾರೀಖನ್ನಂತೂ ಅದು ತಾರೀಖು ಎಂದೇ ಗುರುತಿಸದು, ವರ್ಷವಾರು ಜೋಡಿಸಿದಾಗ 1898ರ ಪತ್ರ ಎಲ್ಲಕ್ಕಿಂತ ಕೊನೆಗೆ ಹೋಗಿ ಬೀಳುತ್ತದೆ. ಟೈಪ್ ಮಾಡುವ ಮೊದಲೇ ಆ ಕಾಲಂ ಪೂರ್ತಿ ಆಯ್ಕೆ ಮಾಡಿ ಟೆಕ್ಸ್ಟ್ ಎಂದು ಬದಲಿಸಿ, ವರ್ಷ ಮೊದಲು ಬರುವಂತೆ 1924-12-05 ಎಂದು ಬರೆಯಿರಿ. ಟೈಪ್ ಆದ ಮೇಲೆ ಬದಲಿಸಿದರೆ ತಾರೀಖಿನ ಬದಲು ಬರೀ ಅಂಕಿ ಕಾಣುತ್ತದೆ. ಉಳಿಸುವಾಗ ಕನ್ನಡ ಅಕ್ಷರ ಉಳಿಸುವ ಯುಟಿಎಫ್-8 ಸಂಕೇತ ಇರುವ, ಬರೀ ಪಠ್ಯದ ಪಟ್ಟಿಯಾದ ಸಿಎಸ್‌ವಿ ಆರಿಸಿ, ಇಲ್ಲವಾದರೆ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆ. ಆ ಫೈಲನ್ನು ಮತ್ತೆ ಡಬಲ್ ಕ್ಲಿಕ್ ಮಾಡಿ ತೆರೆದರೆ ಎಕ್ಸೆಲ್ ತಾರೀಖನ್ನು ಮತ್ತೆ ತನ್ನಂತೆ ಮಾಡಿಕೊಳ್ಳುತ್ತದೆ. ಎಕ್ಸೆಲ್ ತರಹದ್ದೇ ಇನ್ನೊಂದು ತಂತ್ರಾಂಶವಾದ ಲಿಬ್ರೆಆಫೀಸಿನಲ್ಲಿ ತೆರೆಯಿರಿ, ಅದು ಪ್ರತಿ ಕಾಲಂ ಯಾವ ಬಗೆಯದೆಂದು ಮೊದಲೇ ಕೇಳುತ್ತದೆ.

ಇಷ್ಟೆಲ್ಲ ಯಾಕೆ ಎನ್ನುವವರಿಗೆ ಹಕ್ಕುಸ್ವಾಮ್ಯದ ಒಂದು ಲೆಕ್ಕ ಸಾಕು. ಲೇಖಕ ತೀರಿಕೊಂಡ ವರ್ಷದ ಮುಂದಿನ ಜನವರಿಯಿಂದ 60 ವರ್ಷ ಕೃತಿಗೆ ರಕ್ಷಣೆ. ಹಳಕಟ್ಟಿಯವರು ತೀರಿಕೊಂಡದ್ದು 1964ರಲ್ಲಿ. ಅವರ ಬದುಕಿನ ಕಾಲದಲ್ಲೇ ಪ್ರಕಟವಾದ ಸ್ವಂತ ಬರಹಕ್ಕೆ ಆ ಅವಧಿ 2024ರ ಕೊನೆಗೆ ಮುಗಿಯಿತು. ನಿಮ್ಮ ರೆಕಾರ್ಡಿನಲ್ಲಿ ಪ್ರಕಟಣೆ 2019, ಕರ್ತೃ ಸ್ಕ್ಯಾನ್ ಮಾಡಿದ ಸಂಸ್ಥೆ ಎಂದಿದ್ದರೆ ಈ ಲೆಕ್ಕ ಹಾಕುವುದು ಹೇಗೆ? ತೆರೆದಿಡಬಹುದಾದ ಪುಸ್ತಕಕ್ಕೆ ಬೀಗ ಬೀಳುತ್ತದೆ, ಬೀಗ ಬೇಕಾದದ್ದು ತೆರೆದಿರುತ್ತದೆ. ಫೋಟೊಗಳಿಗೆ ಮತ್ತು ಮರಣಾನಂತರ ಪ್ರಕಟವಾದವಕ್ಕೆ ಲೆಕ್ಕ ಬೇರೆ, ಅನುಮಾನವಿದ್ದ ಕಡೆ ವಕೀಲರನ್ನು ಕೇಳಿಯೇ ಮುಂದುವರಿಯಿರಿ.

ಈಗಾಗಲೇ ಕೆಟ್ಟಿರುವುದನ್ನು ತಿದ್ದಲು ಎಲ್ಲವನ್ನೂ ಮೊದಲಿಂದ ಮಾಡಬೇಕಿಲ್ಲ. ಒಂದು ಸಂಗ್ರಹವನ್ನಷ್ಟೇ ಸಿಎಸ್‌ವಿಯಾಗಿ ಇಳಿಸಿ, ಮೂಲ ಪ್ರತಿಯೊಂದನ್ನು ಮುಟ್ಟದೆ ಬೇರೆ ಕಡೆ ಇಡಿ. ಪ್ರಕಟಣೆಯ ದಿನಾಂಕ ಮತ್ತು ಸಂಗ್ರಹಕ್ಕೆ ಸೇರಿದ ದಿನಾಂಕ ಅಕ್ಕಪಕ್ಕ ಇಟ್ಟು ನೋಡಿ. ಎರಡರ ವರ್ಷವೂ ಒಂದೇ ಆಗಿರುವ ಸಾಲುಗಳೇ ಮೊದಲ ಅನುಮಾನ. ಅವುಗಳಿಗೆ ಬಣ್ಣ ಹಾಕಿ, ಪ್ರತಿಯೊಂದರ ಶೀರ್ಷಿಕೆ ಪುಟವನ್ನು ಪಿಡಿಎಫ್‌ನಲ್ಲಿ ತೆರೆದು ವರ್ಷ ತಿದ್ದಿ. ಸ್ಕ್ಯಾನ್‌ನಲ್ಲಿ ಆ ಪುಟ ಬಿಟ್ಟುಹೋಗಿದ್ದರೆ ಗ್ರಂಥಾಲಯಕ್ಕೆ ಬಂದ ಪುಸ್ತಕಗಳನ್ನು ನಮೂದಿಸುವ ಅಕ್ಸೆಶನ್ ರಿಜಿಸ್ಟರ್ ತೆಗೆಸಿ, ಪ್ರಕಟಣೆಯ ವರ್ಷಕ್ಕೆ ಅದರಲ್ಲಿ ಕಾಲಂ ಇರುತ್ತದೆ, ಹಳೆಯ ಗ್ರಂಥಪಾಲಕರು ಶಾಯಿಯಲ್ಲಿ ಬರೆದು ಇಟ್ಟಿರುತ್ತಾರೆ. ಮರಳಿ ಏರಿಸುವಾಗ ಪ್ರತಿ ರೆಕಾರ್ಡಿನ ಗುರುತು ಇರುವ ಐಡಿ ಕಾಲಂ ಮತ್ತು ತಿದ್ದಿದ ಕಾಲಂ ಎರಡೇ ಇರಲಿ. ಉಳಿದ ಕಾಲಂಗಳನ್ನು ಅಳಿಸಿ, ಆದರೆ ಕಾಲಂ ಇಟ್ಟುಕೊಂಡು ಅದರ ಚೌಕಗಳನ್ನು ಖಾಲಿ ಬಿಡಬೇಡಿ. ಖಾಲಿ ಚೌಕ ಕಂಡರೆ ಡಿಸ್ಪೇಸ್ ಅಲ್ಲಿದ್ದ ಮಾಹಿತಿಯನ್ನು ತೆಗೆದುಹಾಕುತ್ತದೆ. ಮೊದಲು ಐದು ರೆಕಾರ್ಡ್ ಏರಿಸಿ, ಬದಲಾವಣೆಗಳ ಪಟ್ಟಿ ತೋರಿಸುವ ಪರದೆಯನ್ನು ಸಾಲು ಸಾಲಾಗಿ ಓದಿ, ಸರಿ ಎನಿಸಿದ ಮೇಲೆ ಉಳಿದದ್ದನ್ನು ಏರಿಸಿ.